ತಾಯಕ್ಕನ ಹೊಲದ ಬಿಳಿ ಮೂಲೆ

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು ‘ಚೆನ್ನಾಗಿದ್ದೀರಾ’ ಎಂದು ಯಾರೂ ಕೇಳುವುದಿಲ್ಲ. ‘ಕೆಂಪಗಿದ್ದೀರಾ’ ಎನ್ನುತ್ತಾರೆ. ಹೊಸದಾಗಿ ಬಂದ ನೆಂಟರು ಇದನ್ನು ಕೇಳಿ ಕೆನ್ನೆ ಮುಟ್ಟಿ ನೋಡಿಕೊಳ್ಳುವುದುಂಟು. ಬಸುರಿಯ ಮಡಿಲು ತುಂಬುವಾಗ, ಮಕ್ಕಳು ಪರೀಕ್ಷೆಗೆ ಹೊರಟಾಗ, ಮಾತು ಬಿಟ್ಟ ಓರಗಿತ್ತಿಯರು ರಾಜಿಯಾದಾಗ, ಎಲ್ಲಕ್ಕೂ ನಮ್ಮಲ್ಲಿ ಒಂದೇ ಹಾರೈಕೆ, ಕೆಂಪಗಿರು ಅಂತ. ಒಂದು ಸಲ ಹೊರಗಿನಿಂದ ಬಂದ ಮೇಷ್ಟ್ರು ಮಕ್ಕಳಿಗೆ ಗಿಡದ ಚಿತ್ರ ಬರೆಯಲು ಹೇಳಿದರು. ಇಡೀ ತರಗತಿ ಎಲೆಗಳಿಗೆ ಕೆಂಪು ಬಳಿದು ಕೊಟ್ಟಿತು. ಗಾಬರಿಯಾದ ಮೇಷ್ಟ್ರು, ಮೂವತ್ತು ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಬೇಕೆಂದು ಮೇಲಿನವರಿಗೆ ಕಾಗದ ಹಾಕಿದರು. ಆಮೇಲೆ ಇಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಅವರೂ ಕೆಂಪಗಾದರು ಅನ್ನಿ.

ಇದೆಲ್ಲ ಕೊಳದಿಂದ ಬಂದ ಮಾತು. ಊರ ನಡುವಿನ ಮೆಟ್ಟಿಲುಗೊಳ ಎಂಟು ದಿನಕ್ಕೊಮ್ಮೆ, ಬೆಳಗಿನ ಬಿಸಿಲು ಏರುವ ಹೊತ್ತಿಗೆ, ಒಂದು ಪಾವು ಅಕ್ಕಿ ಬೇಯುವಷ್ಟು ಕಾಲ ತೆರೆದುಕೊಳ್ಳುತ್ತದೆ. ಆಗ ನೀರಿನಲ್ಲಿ ಆಕಾಶ ಕಾಣುವುದಿಲ್ಲ. ಆಕಾಶದಿಂದ ನೋಡಿದರೆ ಹೇಗೋ ಹಾಗೆ ನಮ್ಮ ಹೊಲಗಳು ಕಾಣುತ್ತವೆ, ಒಂದೊಂದೂ ಅಂಗೈಯಗಲ. ಚೆನ್ನಾಗಿರುವ ಬೆಳೆ ದಾಸವಾಳದಷ್ಟು ಕೆಂಪು. ರೋಗ ತಗಲಿದ್ದು ಬಿಳಚಿಕೊಂಡಿರುತ್ತದೆ. ಹೊಲದಲ್ಲಿ ನಿಂತವರ ಕಣ್ಣಿಗೆ ಎಲೆ ಇನ್ನೂ ಹಚ್ಚಗೆ ಇರುವಾಗಲೇ, ಹತ್ತು ಹನ್ನೆರಡು ದಿನ ಮೊದಲೇ, ಕೊಳಕ್ಕೆ ಗೊತ್ತಾಗಿಬಿಡುತ್ತದೆ. ಮೋಡವಿದ್ದರೆ ಮಾತ್ರ ಕುರಿಯ ಉಣ್ಣೆ ಹಾಸಿದ ಹಾಗಿರುತ್ತದೆ, ಮತ್ತೆ ಎಂಟು ದಿನ ಕಾಯಬೇಕು.

ಈ ಕೊಳಕ್ಕೆ ಒಂದು ಹಟ. ಉತ್ತ ಮಣ್ಣಿನ ಮೇಲೆ ಒಂದು ಸಲವೂ ಕಾಲಿಡದವರಿಗೆ ಮಾತ್ರ ಅದು ತೋರಿಸುತ್ತದೆ. ಉಳಿದವರು ಬಗ್ಗಿದರೆ ಅವರವರ ಮುಖ, ಅಷ್ಟೇ. ಬೇಸಾಯದ ಊರಿನಲ್ಲಿ ಅಂಥವರು ಎಷ್ಟು ಜನ ಸಿಕ್ಕಾರು? ಬಿತ್ತನೆಯ ದಿನ ಕೂಸುಗಳನ್ನೂ ಹೊಲಕ್ಕಿಳಿಸಿ ಹೆಜ್ಜೆ ಮೂಡಿಸುವ ಜನ ನಾವು. ನಾನು ಮಗ್ಗದ ಬೀದಿಯವಳು. ನಮ್ಮಪ್ಪ, ಆರು ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ಕೊಳಕ್ಕಿರಲಿ ಎಂದು, ನನ್ನನ್ನು ಹೊಲದ ಕಡೆ ಸುಳಿಯಗೊಡದೆ ಬೆಳೆಸಿದ. ಹದಿನೆಂಟಕ್ಕೆ ನಾನು ‘ಕೊಳದ ಕಣ್ಣು’ ಆದೆ. ತೆರೆಯುವ ದಿನ ಏಳನೇ ಮೆಟ್ಟಿಲ ಮೇಲೆ ನಿಂತು ಯಾರ ಹೊಲ ಕೆಂಪು, ಯಾರದು ಬಿಳಚಿದೆ ಎಂದು ಕೂಗಿ ಹೇಳುವ ಕೆಲಸ. ಬಿಳಚಿದೆ ಎಂದು ನಾನು ಹೇಳಿದ ಹೊಲಕ್ಕೆ ಹೋಗಿ ಎಲೆ ಮಗುಚಿ ನೋಡಿ ಬರುವವರನ್ನು ‘ಹೊಲದ ಕಾಲು’ ಎನ್ನುತ್ತಾರೆ. ಇಪ್ಪತ್ತಕ್ಕೆ ನಾನು ಹೊಲದ ಕಾಲಿನ ಕೈ ಹಿಡಿದೆ.

ಅವರ ಹೆಸರು ಮರಿಸಿದ್ದಯ್ಯ. ಮದುವೆಯ ದಿನ ಅವರ ಮನೆ ಸೇರಲು ನಾಲ್ಕು ಹೊಲ ದಾಟಬೇಕಿತ್ತು, ಬಂಡಿ ದಾರಿ ಮಳೆಗೆ ಕಿತ್ತುಹೋಗಿತ್ತು. ಅವರು ಪಂಚೆ ಎತ್ತಿ ಕಟ್ಟಿ ನನ್ನನ್ನು ಉಪ್ಪುಮೂಟೆ ಹೊತ್ತರು. ಬಾಸಿಂಗ ಕಟ್ಟಿಕೊಂಡ ಹೆಣ್ಣು ಉಪ್ಪುಮೂಟೆಯಾಗಿ ಬಂದದ್ದನ್ನು ಕಂಡು ನಮ್ಮತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ಆ ದಿನ ಇವರು ನನ್ನ ಕಾಲು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ಎರಡು ದಿನ ನೋವಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ, ಆಗಾಗ ಮುಟ್ಟಿ ನೋಡಿಕೊಂಡು ಸುಮ್ಮನಿದ್ದೆ.

ಮೂವತ್ತಾರು ವರ್ಷ ನಮ್ಮ ಸಂಸಾರ ಒಂದೇ ಜಗಳದಲ್ಲಿ ನಡೆಯಿತು. ನಾನು ಹೊಲವನ್ನು ಮೇಲಿನಿಂದ ಮಾತ್ರ ಬಲ್ಲೆ, ಅವರು ಕೆಳಗಿನಿಂದ ಮಾತ್ರ. ಸಂಜೆ ಊಟಕ್ಕೆ ಕೂತಾಗ ನಾನು ಕೆಂಪು ಎಂದರೆ ಅವರು ಹಸಿರು ಎನ್ನುತ್ತಿದ್ದರು. “ಕೆಂಪು ಅಂದ್ರೆ ಉದುರೋ ಎಲೆ ಕಣೇ. ಅದನ್ನ ಹೊಗಳಿಕೆ ಅಂತ ಯಾವನು ಮಾಡಿದ್ನೋ” ಎಂದು ಗೊಣಗುತ್ತಿದ್ದರು. ಊರೆಲ್ಲ ಕೆಂಪಗಿರು ಎಂದು ಹರಸುವಲ್ಲಿ ನಮ್ಮ ಯಜಮಾನರೊಬ್ಬರು ಮದುಮಕ್ಕಳ ತಲೆಗೆ ಅಕ್ಷತೆ ಹಾಕಿ ‘ಹಸಿರಾಗಿರಿ’ ಎನ್ನುತ್ತಿದ್ದರು. ಅವರ ಬಾಯಲ್ಲಿ ಆ ಇನ್ನೊಂದು ಹಾರೈಕೆ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಜಗಳ ನಮ್ಮದೇನೇ ಇರಲಿ, ಊರಿನ ಕಟ್ಟಳೆ ಮಾತ್ರ ಕಟ್ಟುನಿಟ್ಟು. ಒಂದು ಸಲ ಬಿಳಚಿದ ಹೊಲಕ್ಕೆ ಹೊಲದ ಕಾಲು ಬಿಟ್ಟು ಬೇರೆ ಯಾರೂ ಇಳಿಯುವಂತಿಲ್ಲ. ಪಾದದ ಧೂಳಿನಲ್ಲಿ ರೋಗ ಅಂಟಿಕೊಂಡು ಹೋಗುತ್ತದೆ. ಇಳಿದವರು ಆ ವರ್ಷ ತಮ್ಮ ಹೊಲಕ್ಕೆ ಕಾಲಿಡಬಾರದು. ಬೆನ್ನುಬೆನ್ನಿಗೆ ಎರಡು ಸಲ ಬಿಳಚಿದರೆ, ಎಲೆ ಎಷ್ಟೇ ಚೆನ್ನಾಗಿ ಕಾಣಲಿ, ಬೆಳೆಯನ್ನು ಕಿತ್ತು ಸುಡಬೇಕು. ನಾನು ಕೊಳಕ್ಕೆ ಬರುವ ಮೊದಲು ಒಮ್ಮೆ ಕನಿಕರಪಟ್ಟು ಬಿಟ್ಟಿದ್ದರಂತೆ, ಬೇವಿನ ದಿಣ್ಣೆಯ ಕಡೆಯ ಅಷ್ಟೂ ಹೊಲ ತುಕ್ಕು ರೋಗ ಹಿಡಿದು ಹೋಯಿತಂತೆ. ಆಮೇಲೆ ಯಾರೂ ಕನಿಕರದ ಮಾತೆತ್ತಲಿಲ್ಲ.

ಈ ವರ್ಷ ಭಾದ್ರಪದದಲ್ಲಿ ಮೋಡ ಸರಿದ ಮೊದಲ ದಿನ ಕೊಳ ತೆರೆದಾಗ, ತಾಯಕ್ಕನ ಕಡಲೆಕಾಯಿ ಹೊಲದ ಮೂಡಣ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಬಿಳುಪು ಕಂಡಿತು. ತಾಯಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಪಕ್ಕದ ಮನೆಯವಳು, ಗಂಡ ಹೋದ ಮೇಲೆ ಅದೊಂದೇ ತುಂಡು ಹೊಲವನ್ನು ಮಗುವಿನ ಹಾಗೆ ಸಾಕಿದವಳು. ಕಾಯಿ ಇನ್ನೂ ಹಾಲುಗಾಳಿನಲ್ಲಿತ್ತು. ಈಗ ಕಿತ್ತರೆ ಹಸುವಿಗೆ ಹಾಕಬೇಕು, ಅಷ್ಟೇ. ಆದರೂ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಗಂಗಾಧರಯ್ಯ ಕಂಚಿನ ತಟ್ಟೆ ಬಾರಿಸಿದರು.

ಗಂಗಾಧರಯ್ಯನವರು ಹಿಟ್ಟಿನ ಗಿರಣಿಯವರು. ಕೆಸರೆಂದರೆ ಅವರಿಗೆ ಹೇಸಿಗೆ, ಜೀವಮಾನದಲ್ಲಿ ಹೊಲಕ್ಕಿಳಿದವರಲ್ಲ. ಹಾಗಾಗಿ ಅವರಿಗೂ ಕೊಳ ಕಾಣುತ್ತದೆ. ಆದರೆ ಯಾವ ಹೊಲ ಯಾರದೆಂದು ಈವರೆಗೂ ತಿಳಿಯದು. “ಅದೇ, ಆ ಕಡೆ, ಒಂದು ಉದ್ದನೇದಿದೆಯಲ್ಲ” ಎಂದು ಶುರು ಮಾಡಿದರೆ ಅಷ್ಟರಲ್ಲಿ ಕೊಳ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಅವರಿಗೆ ತಟ್ಟೆ ಕೊಟ್ಟಿದ್ದಾರೆ.

ಆ ಸಂಜೆ ಯಜಮಾನರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

“ತಾಯಕ್ಕಂದಾ? ಯಾವ ಮೂಲೆ?”

“ಮೂಡಣ ಮೂಲೆ. ಬದುವಿಂದ ಸ್ವಲ್ಪ ಒಳಗೆ.”

“ನಾಳೆಯಿಂದ ಅಲ್ಲೇ ಕೂತ್ಕೋತೀನಿ. ಒಂದೊಂದೆಲೆನೂ ಬಿಡಲ್ಲ,” ಎಂದವರು, ಎಂದಿನಂತೆ ಕೈ ಚಾಚಿ ನನ್ನ ಕೆನ್ನೆ ಸವರಿದರು.

ಇದನ್ನು ಹೇಳಲೇಬೇಕು. ಒಂದು ಆರೇಳು ತಿಂಗಳಿಂದ ನಮ್ಮ ಯಜಮಾನರಿಗೆ ನನ್ನ ಮೇಲೆ ವಿಪರೀತ ಪ್ರೀತಿ ಹುಟ್ಟಿತ್ತು. ಹೊಲದಿಂದ ಬಂದವರೇ ಕೈಕಾಲು ತೊಳೆದು, ನನ್ನ ಎದುರು ಕೂತು, ಹಣೆ, ಕೆನ್ನೆ, ಗದ್ದ ನಿಧಾನವಾಗಿ ಸವರುತ್ತಿದ್ದರು. ಸೀರೆಯ ಅಂಚು ಹಿಡಿದು ಬೆರಳಲ್ಲಿ ಉಜ್ಜಿ, “ಇದು ನಿಮ್ಮಪ್ಪ ನೇಯ್ದಿದ್ದಲ್ವಾ” ಎನ್ನುತ್ತಿದ್ದರು. ಐವತ್ತಾರು ವರ್ಷದ ಹೆಂಗಸಿಗೆ ಇದು ಬೇಕಿತ್ತೇ ಎನ್ನಬಹುದು. ಬೇಕಿತ್ತು. ನಾನು ಮನೆಗೆಲಸ ಬೇಗ ಮುಗಿಸಿ ಮುಖಕ್ಕೆ ಅರಿಸಿನ ಹಚ್ಚಿ ಕಾಯುವುದನ್ನು ಕಲಿತೆ. ಒಂದು ದಿನ ನಾಚಿಕೆ ಬಿಟ್ಟು ತಾಯಕ್ಕನ ಹತ್ತಿರ ಹೇಳಿಕೊಂಡೆ. ಅವಳು ನಕ್ಕಳು, ಆಮೇಲೆ ಹಸುವಿಗೆ ಹುಲ್ಲು ಹಾಕಬೇಕೆಂದು ಎದ್ದು ಹೋದಳು. ಹುಲ್ಲು ಆಗಲೇ ಹಾಕಿಯಾಗಿತ್ತು.

ಏಳು ದಿನ ಅವರು ತಾಯಕ್ಕನ ಹೊಲದಲ್ಲೇ ಕಳೆದರು. ಸಂಜೆ ಬಂದಾಗ ಬೆರಳುಗಳು ಹಸಿರು ಹಿಡಿದಿರುತ್ತಿದ್ದವು. ಒಗೆಯಲು ಹಾಕಿದ ಅಂಗಿಯ ಜೇಬಿನಿಂದ ಬಾಡಿದ ಎಲೆ ಮುಷ್ಟಿಗಟ್ಟಲೆ ಬಿದ್ದವು. “ಏನೂ ಇಲ್ಲ ಕಣೇ. ತುಕ್ಕಿಲ್ಲ, ಚುಕ್ಕೆಯಿಲ್ಲ. ಹಸಿರಾಗಿದೆ,” ಎಂದು ದಿನವೂ ಹೇಳಿದರು. ನನಗೆ ಧೈರ್ಯ ಬಂತು. ಕೊಳಕ್ಕೂ ಒಮ್ಮೊಮ್ಮೆ ಏನೋ ಮಂಪರು ಕವಿದಿರಬಹುದು ಎಂದುಕೊಂಡೆ.

ಎಂಟನೇ ದಿನ ಮೋಡದ ಸುಳಿವಿರಲಿಲ್ಲ. ಊರೆಲ್ಲ ಕೊಳದ ಸುತ್ತ ಸೇರಿತ್ತು. ತಾಯಕ್ಕ ಮೇಲಿನ ಮೆಟ್ಟಿಲ ಮೇಲೆ ಸೆರಗು ಹೊದ್ದು ನಿಂತಿದ್ದಳು. ಯಜಮಾನರು ಹೊಲದಲ್ಲಿದ್ದರು, ತೆರೆಯುವ ದಿನ ಅವರು ಕೊಳದ ಹತ್ತಿರ ಬರುವ ವಾಡಿಕೆಯಿಲ್ಲ. ನೀರು ಒಂದು ಸಲ ನಡುಗಿ ತೆರೆದುಕೊಂಡಿತು. ನಾನು ಬಗ್ಗಿದೆ. ಕೆಂಪು ಹೊಲಗಳ ನಡುವೆ ತಾಯಕ್ಕನ ಹೊಲದ ಮೂಲೆಯಲ್ಲಿ ಕಿರುಬೆರಳ ಉಗುರಿನಷ್ಟು ಬಿಳುಪು. ಎಳ್ಳು ಉಗುರಾಗಿತ್ತು.

ಗಂಗಾಧರಯ್ಯನವರಿಗೂ ಕಂಡಿತು. ಈ ಸಲ ಯಾರ ಹೊಲವೆಂದು ಅವರಿಗೂ ಗೊತ್ತಿತ್ತು. ತಟ್ಟೆ ಎತ್ತಿಕೊಂಡು ನನ್ನ ಬಾಯಿ ನೋಡಿದರು.

ನಾನು ಬಾಯಿ ತೆರೆಯಲಿಲ್ಲ. ಮೇಲಿಂದ ತಾಯಕ್ಕನ ದನಿ ಬಂತು. “ಯಾಕೆ ಸುಮ್ಮನಿದೀಯ ದೇವೀರಿ? ಬಿಳಚಿದ್ರೆ ಬಿಳಚಿದೆ ಅನ್ನು. ಕಿತ್ತುಬಿಡ್ಲಿ. ಊರಿಗಿಂತ ನನ್ನ ಕಡಲೆಕಾಯಿ ದೊಡ್ಡದಲ್ಲ.” ದನಿ ಗಟ್ಟಿಯಾಗಿತ್ತು, ಅತಿಯಾಗಿ ಗಟ್ಟಿಯಾಗಿತ್ತು.

ನಾನು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ಆ ಬಿಳುಪು ನನಗೆ ಪರಿಚಯದ್ದಾಗಿರಲಿಲ್ಲ. ರೋಗ ಬರುವ ರೀತಿ ನನಗೆ ಗೊತ್ತು. ಗಾಳಿಯಲ್ಲಿ ಬಂದರೆ ಓರೆಯಾಗಿ ಹರಡುತ್ತದೆ, ನೀರಿನಲ್ಲಿ ಬಂದರೆ ಕಾಲುವೆಯ ಉದ್ದಕ್ಕೂ, ಹುಳುವಿನಿಂದ ಬಂದರೆ ಅಂಚಿನಿಂದ ಒಳಕ್ಕೆ, ಎಣ್ಣೆ ಚೆಲ್ಲಿದ ಹಾಗೆ ಅಂಕುಡೊಂಕಾಗಿ. ಇದು ಹಾಗಿರಲಿಲ್ಲ. ಬದುವಿನ ಹೊಂಗೆಮರದ ಬುಡದಿಂದ ನೂಲಿನಷ್ಟು ಸಣ್ಣ ಬಿಳಿ ಗೆರೆಯೊಂದು ಹೊರಟು, ನೇರವಾಗಿ ಒಳಗೆ ಹೋಗಿ, ಅದರ ತುದಿಯಲ್ಲಿ ಗುಂಡಗೆ ಬಳೆಯಂಥ ಬಿಳುಪು ಕೂತಿತ್ತು. ನೇಕಾರನ ಮಗಳು ನಾನು, ನೂಲು ಕಂಡರೆ ಬಿಡುವವಳಲ್ಲ. ರೋಗ ಯಾವತ್ತಾದರೂ ಕಾಲುದಾರಿ ಮಾಡಿಕೊಂಡು ಬರುತ್ತದೆಯೇ? ದಿನವೂ ಒಬ್ಬರೇ ಒಂದೇ ದಾರಿಯಲ್ಲಿ ನಡೆದು, ಒಂದೇ ಕಡೆ ಕೂತು, ಕೂತಲ್ಲಿಂದ ಕೈ ಎಟಕುವಷ್ಟು ಸುತ್ತ ಎಲೆ ಕಿತ್ತರೆ ಮಾತ್ರ ಹಾಗಾಗುತ್ತದೆ.

ಹೊಂಗೆಮರದ ಬುಡದಲ್ಲಿ ಬುತ್ತಿ ಇಡುವವರು ಯಾರೆಂದು ನನಗೆ ಗೊತ್ತಿಲ್ಲವೇ? ಆ ಬುತ್ತಿ ಕಟ್ಟುವವಳು ನಾನೇ. ಆದರೆ ಕಣ್ಣಿಂದ ನೋಡುವವರು ಎಲೆ ಮಗುಚಿ ನೋಡಿ ಬಿಡುತ್ತಾರೆ, ಕೀಳುವುದಿಲ್ಲ. ಹಸಿರು ಹಿಡಿದ ಬೆರಳು, ಜೇಬು ತುಂಬ ಎಲೆ, ಉಜ್ಜಿ ನೋಡಿದ ಸೀರೆಯಂಚು ಒಂದೊಂದಾಗಿ ನೆನಪಾದವು. ನನಗೇ ತಿಳಿಯದೆ ಕೈ ಕೆನ್ನೆಗೆ ಹೋಯಿತು. ಊರಿನ ಎಲೆ ಎಲೆಯ ಕಾಯಿಲೆಯನ್ನೂ ದೂರದಿಂದ ಕಂಡುಹಿಡಿದವಳು, ಎದುರಿಗೆ ಕೂತು ಊಟ ಮಾಡುವವರದನ್ನು ಕಾಣದೆ ಮುಖಕ್ಕೆ ಅರಿಸಿನ ಹಚ್ಚುತ್ತ ಕೂತಿದ್ದೆ.

ಮೆಟ್ಟಿಲು ಹತ್ತಿ ತಾಯಕ್ಕನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. “ತಾಯಕ್ಕ, ನಮ್ಮನೆಯವರಿಗೆ ಕಣ್ಣು ಕಾಣಲ್ವಾ?”

ಅವಳು ನೆಲ ನೋಡಿದಳು. “ನನ್ನ ಕೇಳಬೇಡ ಕಣೇ. ಮಾತು ಕೊಟ್ಟಿದೀನಿ.”

“ಹೊಲ ಕಿತ್ತರೂ ಸುಮ್ಮನಿರ್ತಿದ್ಯಾ?”

“ಇನ್ನೇನು ಮಾಡ್ಲಿ? ಮರಿಸಿದ್ದಣ್ಣ ಹಾಗೆ ಕೈ ಹಿಡ್ಕೊಂಡು ಕೇಳ್ಕೊಂಡ,” ಎಂದವಳ ಕಣ್ಣಿನಲ್ಲಿ ನೀರು ತುಂಬಿತು.

ನಾನು ಊರವರ ಕಡೆ ತಿರುಗಿ, ಇದು ರೋಗವಲ್ಲ, ಆದರೆ ಈ ಸಲ ಹೊಲದ ಕಾಲಿನ ಮಾತೊಂದೇ ಸಾಲದು, ಬೇರೆ ಯಾರಾದರೂ ಇಳಿದು ಕಣ್ಣಾರೆ ನೋಡಬೇಕು ಎಂದೆ. ಯಾರೂ ಮುಂದೆ ಬರಲಿಲ್ಲ. ಅವರ ತಪ್ಪಲ್ಲ. ಇಳಿದವರು ತಮ್ಮ ಹೊಲವನ್ನು ಒಂದು ವರ್ಷ ಬಿಡಬೇಕಲ್ಲ. ತನ್ನದೇ ಹೊಲದ ಬಗ್ಗೆ ತಾಯಕ್ಕ ಹೇಳಿದರೆ ಊರು ಒಪ್ಪದು. ಹೊಲವಿಲ್ಲದವರು ಅಲ್ಲಿ ಇಬ್ಬರೇ ಇದ್ದೆವು. ಗಂಗಾಧರಯ್ಯನವರು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಬಿಳಿ ಪಂಚೆಯನ್ನು ಮೊಣಕಾಲಿಗೆ ಎತ್ತಿದರು. ಮುಖ ಕಹಿ ಕಷಾಯ ಕುಡಿದವರ ಹಾಗಿತ್ತು. “ನೀವಿರಿ ದೇವೀರಮ್ಮ. ನಿಮ್ಮ ಕಣ್ಣು ಊರಿಗೆ ಬೇಕು. ನಾನು ಹೋಗ್ತೀನಿ,” ಎಂದರು. ಆ ಮನುಷ್ಯನನ್ನು ಮೂವತ್ತು ವರ್ಷ ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

“ಬೇಡಿ. ಅಲ್ಲಿ ಕೂತಿರೋದು ನಮ್ಮನೆಯವರು,” ಎಂದೆ.

ಹೊಂಗೆಮರದವರೆಗೆ ಊರೇ ನನ್ನ ಹಿಂದೆ ಬಂತು. ಬದುವಿನ ಮೇಲೆ ಚಪ್ಪಲಿ ಬಿಟ್ಟೆ. ಕೊಳ ಇನ್ನು ನನ್ನ ಪಾಲಿಗಿಲ್ಲ ಎಂದು ಗೊತ್ತಿತ್ತು. ಒಂದು ಕ್ಷಣ ಕಾಲು ಮುಂದೆ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಕಾಲಿಟ್ಟೆ. ಮಣ್ಣು ಬೆಚ್ಚಗಿತ್ತು, ಒಳಗೆ ಸ್ವಲ್ಪ ತಂಪಿತ್ತು. ಮೇಲಿನಿಂದ ಇಷ್ಟು ವರ್ಷ ನೋಡಿದ್ದು ಇಷ್ಟು ಮೆತ್ತಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನೂಲಿನಂಥ ಆ ದಾರಿ ಹಿಡಿದು ನಡೆದೆ.

ಅವರು ಬೋಳಾದ ಗುಂಡು ಜಾಗದ ನಡುವೆ ಕೂತು ಎಲೆಯೊಂದನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಸದ್ದು ಕೇಳಿ ನನ್ನ ಕಡೆಯೇ ಮುಖ ಎತ್ತಿದರು. “ಯಾರಪ್ಪಾ ಅದು? ಬಿಳಚಿದ ಹೊಲ ಇದು, ಇಳೀಬೇಡಿ.”

ಹತ್ತು ಮಾರು ದೂರ, ನೆತ್ತಿಗೇರುತ್ತಿದ್ದ ಬಿಸಿಲು. ಅವರಿಗೆ ನಾನು ಯಾರೆಂದು ಗೊತ್ತಾಗಲಿಲ್ಲ.

“ನಾನು,” ಎಂದೆ.

ಎಲೆ ಅವರ ಕೈಯಿಂದ ಬಿತ್ತು. “ಕಾಲಿಟ್ಟುಬಿಟ್ಯಾ,” ಎಂದರು. “ಕೊಳ ಹೋಯ್ತಲ್ಲೇ ದೇವೀರಿ. ಹೇಳಿದ್ರೆ ನೀನು ಬಂದುಬಿಡ್ತೀಯ ಅಂತಲೇ ನಾನು ಹೇಳ್ಲಿಲ್ಲ. ನೋಡು, ಹಾಗೇ ಆಯ್ತು.”

ನಾನು ಅವರ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ. ಅವರೇ ಎಲ್ಲ ಹೇಳಿದರು. ಎರಡು ತಿಂಗಳ ಹಿಂದೆ, ಚಪ್ಪಲಿ ಕೊಳ್ಳಲೆಂದು ನನಗೆ ಹೇಳಿ ಪೇಟೆಗೆ ಹೋದವರು ತಾಯಕ್ಕನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಒಳಗಿನ ನರವೇ ಸೋತಿದೆ ಎಂದು ಡಾಕ್ಟರು ಹೇಳಿದರಂತೆ. ಅಂದಿನಿಂದ ಈ ಮೂಲೆಯಲ್ಲಿ ಕೂತು ಎಲೆಯನ್ನು ಬೆರಳಿನಿಂದ ಓದಲು ಕಲಿಯುತ್ತಿದ್ದಾರೆ. ತುಕ್ಕು ಎಲೆಯ ಅಡಿಯಲ್ಲಿ ಸಣ್ಣ ರವೆಯ ಹಾಗೆ ತಗಲುತ್ತದೆ, ಬೂದಿ ರೋಗ ಹಿಟ್ಟಿನ ಹಾಗೆ, ಚೆನ್ನಾಗಿರುವ ಎಲೆ ತಣ್ಣಗೆ. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಹೊಸ ಕೆಲಸ ಕಲಿತವರ ಹೆಮ್ಮೆಯಿತ್ತು.

“ನೀನು ಬಿಳಚಿದೆ ಅಂದ್ಮೇಲೆ ನಂಗೆ ನನ್ನ ಬೆರಳ ಮೇಲೇ ಅನುಮಾನ ಬಂತು. ಇನ್ನೂ ಹೆಚ್ಚು ಎಲೆ ಕಿತ್ತು ನೋಡ್ದೆ,” ಎಂದರು.

“ಕಿತ್ತಿದ್ದಕ್ಕೇ ಬಿಳಚಿದ್ದು. ನೀವು ನೋಡಿ ನೋಡಿ ಅದನ್ನ ದೊಡ್ಡದು ಮಾಡಿದ್ರಿ.”

ಅವರು ಸುತ್ತಲಿನ ಬೋಳು ಗಿಡಗಳನ್ನು ಕೈಯಿಂದ ತಡವಿದರು. “ಕೊಳಕ್ಕೆ ರೋಗ ಮಾತ್ರ ಕಾಣುತ್ತೆ ಅಂದ್ಕೊಂಡಿದ್ದೆ. ಮನುಷ್ಯ ಕೂತಿದ್ದೂ ಕಾಣುತ್ತಾ?”

“ನಂಗೂ ಇವತ್ತೇ ಗೊತ್ತಾಗಿದ್ದು.”

ನಾನು ಎದ್ದು ನಿಂತು, ಬದುವಿನ ಮೇಲಿದ್ದ ಊರಿಗೆಲ್ಲ ಕೇಳುವಂತೆ, ಇಲ್ಲಿ ರೋಗವಿಲ್ಲ, ಕಡಲೆಕಾಯಿ ಗಿಡ ಹಚ್ಚ ಹಸಿರಾಗಿದೆ ಎಂದು ಕೂಗಿ ಹೇಳಿದೆ. ಹಸಿರು ಎಂಬ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ಯಜಮಾನರು ಕೂತಲ್ಲೇ ನಕ್ಕರು. ಅತ್ತ ತಾಯಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊಲದಿಂದ ಮೇಲೆ ಬರುವಾಗ ಅವರ ಕೈ ನನ್ನ ಭುಜದ ಮೇಲಿತ್ತು. “ಹಾಗಾದ್ರೆ ಸಂಜೆ ಸಂಜೆ ನನ್ನ ಕೆನ್ನೆ ಸವರ್ತಿದ್ದದ್ದು ಕಣ್ಣು ಕಾಣದೆ,” ಎಂದೆ. ಎಷ್ಟು ತಡೆದುಕೊಂಡರೂ ದನಿ ಸಣ್ಣಗಾಯಿತು.

“ಮೊದಮೊದಲು ಹೌದು.”

“ಆಮೇಲೆ?”

“ಆಮೇಲೆ ಬಿಡಕ್ಕೆ ಮನಸ್ಸು ಬರ್ಲಿಲ್ಲ.”

ಮುಂದಿನ ಎಂಟನೇ ದಿನ, ಆಗುವುದಿಲ್ಲವೆಂದು ಗೊತ್ತಿದ್ದೂ ಕೊಳಕ್ಕೆ ಹೋದೆ. ಈಗ ಗಂಗಾಧರಯ್ಯನವರೇ ಕೊಳದ ಕಣ್ಣು. “ಅದೇ, ಆ ಕಡೆ, ಕೋಳಿ ಮೊಟ್ಟೆ ಹಾಗಿದೆಯಲ್ಲ,” ಎಂದು ಅವರು ಮೆಟ್ಟಿಲ ಮೇಲಿಂದ ಒದ್ದಾಡುತ್ತಾರೆ, ಅದು ಯಾರ ಹೊಲವೆಂದು ನಾನು ಮೇಲಿಂದ ಹೇಳುತ್ತೇನೆ, ತಾಯಕ್ಕ ತಟ್ಟೆ ಬಾರಿಸುತ್ತಾಳೆ. ಕೆಲಸ ಹೇಗೋ ನಡೆಯುತ್ತದೆ. ಅಂದು ಎಲ್ಲರೂ ಹೋದ ಮೇಲೆ, ಕೊಳ ಮುಚ್ಚಿಕೊಳ್ಳುವ ಮೊದಲೇ, ನಾನು ಏಳನೇ ಮೆಟ್ಟಿಲಿಗಿಳಿದು ಬಗ್ಗಿದೆ. ಮೂವತ್ತೆಂಟು ವರ್ಷ ದಾಸವಾಳದ ಹಾಗೆ ಅರಳುತ್ತಿದ್ದ ನೀರಿನಲ್ಲಿ ಒಬ್ಬ ಹೆಂಗಸಿನ ಮುಖವಿತ್ತು. ಅಲ್ಲೇ ಕೂತು ಅತ್ತೆ. ಅಳುವುದಕ್ಕೆ ಹಕ್ಕಿದೆ ಎನಿಸಿ ಚೆನ್ನಾಗಿಯೇ ಅತ್ತೆ.

ಯಜಮಾನರು ಹೊಂಗೆಮರದ ಕೆಳಗೆ ಕಾಯುತ್ತಿದ್ದರು. ಈಗ ನಾವಿಬ್ಬರೂ ಸೇರಿ ಹೊಲದ ಕಾಲು. ನಾನು ದಾರಿ ನೋಡುತ್ತೇನೆ, ಅವರು ಎಲೆ ನೋಡುತ್ತಾರೆ. ಅಂದು ಮೂರು ಹೊಲ ತಿರುಗಬೇಕಿತ್ತು. ನನ್ನ ಉಸಿರಿನಿಂದಲೇ ಅವರಿಗೆ ಗೊತ್ತಾಗಿರಬೇಕು.

“ಏನು ಕಾಣ್ತು ಕೊಳದಲ್ಲಿ?” ಎಂದರು.

“ನನ್ನ ಮುಖ.”

“ಹೇಗಿತ್ತು?”

“ಹೇಗಿರುತ್ತೆ? ಮುದುಕಿ ಆಗಿದೀನಿ.”

ಅವರು ಬುತ್ತಿಯ ಗಂಟು ಕೆಳಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದರು. ಹಣೆ ಮುಟ್ಟಿದರು, ಹಸಿಯಾಗಿದ್ದ ಕೆನ್ನೆ ಮುಟ್ಟಿದರು, ಗದ್ದದ ಅಡಿಗೆ ಹೆಬ್ಬೆರಳು ಇಟ್ಟು, ಒಂದೆಲೆಯನ್ನೂ ಬಿಡದ ಹೊಲದ ಕಾಲಿನ ಹಾಗೆ, ಬಹಳ ಹೊತ್ತು ನೋಡಿದರು.

“ಇಲ್ಲ ಕಣೇ,” ಎಂದರು. “ಕೆಂಪಗಿದ್ದೀಯ.”